ಗುಂಡಿ ತುಂಬದ ಮನೆ

ಔರಾದದವರಿಗೆ ಮನೆ ಮಾರಬೇಕೆಂದರೆ ಅಡುಗೆಮನೆಯ ಕಲ್ಲು, ಹಾಲಿನ ಟೈಲ್ಸ್, ಬಾಗಿಲ ಮೇಲಿನ ಕೆತ್ತನೆ ಒಂದನ್ನೂ ತೋರಿಸಬೇಕಾಗಿಲ್ಲ. ಸಂಡಾಸದ ಗುಂಡಿ ತುಂಬುವುದಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು, ಅವರ ಮುಖ ಅರಳುತ್ತದೆ. ಭಾಲ್ಕಿಯವರ ಕಥೆಯೂ ಅಷ್ಟೇ. ಎರೆ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಳೆಗಾಲ ಬಂತೆಂದರೆ ಗುಂಡಿ ತುಂಬಿ ಅಂಗಳಕ್ಕೆ ಬರುತ್ತದೆ, ಖಾಲಿ ಮಾಡುವ ಗಾಡಿಯವನಿಗೆ ಫೋನಿನ ಮೇಲೆ ಫೋನು, ಅವನು ಬಂದ ದಿನ ಇಡೀ ಓಣಿ ಮೂಗು ಮುಚ್ಚಿಕೊಂಡು ಮನೆಯವರಿಗೆ ಶಾಪ ಹಾಕುತ್ತದೆ. ಈ ಸುಖ ಉಂಡವರಿಗೇ ಗೊತ್ತು.

ರತ್ನದೀಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಮಲನಗರದವನು, ಆಶೀಷನ ಜೊತೆ ಕಾಲೇಜು ಓದಿದವನು, ಈಗ ಬೀದರಿನಲ್ಲಿ ಮನೆ ಕಟ್ಟಿ ಮಾರುವವನು. ಹೊಸ ಮನೆ ತೋರಿಸುವಾಗ ಆಶೀಷನ ಹೆಂಡತಿ ಮಂಜಿರಿಯನ್ನು ಹಿತ್ತಲಿಗೇ ಕರೆದುಕೊಂಡು ಹೋಗಿ ಗುಂಡಿಯ ಚಪ್ಪಡಿಯ ಮೇಲೆ ಬೂಟುಗಾಲಿನಿಂದ ಕುಟ್ಟಿ ಹೇಳಿದ್ದ.

"ವೈನಿ, ಇದು ನಿಮ್ಮ ಎರಿ ಮಣ್ಣಲ್ಲ. ಬೀದರದ ಕೆಂಪು ಕಲ್ಲು. ಎಷ್ಟು ನೀರು ಬಿಟ್ರೂ ಕುಡದು ಬಿಡತದ. ನಿಮ್ಮ ಮಾನಸಿ ಮದುವಿ ಆಗೋತನಕ ಈ ಗುಂಡಿ ತುಂಬಂಗಿಲ್ಲ. ಬೇಕಂದ್ರ ಬರದು ಕೊಡ್ತೇನಿ."

ಕುಡಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಂಜಿರಿ ಕೇಳಲಿಲ್ಲ. ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನೀರು ಕಲ್ಲಿನ ಸಂದಿಯಲ್ಲಿ ಹೇಗೆ ಹರಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆಯುವವಳು. ಆದರೆ ಆ ಹೊತ್ತಿನಲ್ಲಿ ಅವಳು ಟೀಚರ್ ಆಗಿರಲಿಲ್ಲ. ಗುಂಡಿ ತುಂಬದ ಮನೆಯೊಂದು ಈ ಭೂಮಿಯ ಮೇಲೆ ಇದೆ, ಅದು ತನ್ನದಾಗುತ್ತದೆ ಎಂದು ಹಿಗ್ಗಿದ ಹೆಂಗಸಾಗಿದ್ದಳು.

ಹಿಗ್ಗುವುದಕ್ಕೆ ಕಾರಣವೂ ಇತ್ತು. ಆಶೀಷ ಔರಾದದ ಪಶು ಆಸ್ಪತ್ರೆಯಲ್ಲಿ ನೌಕರ. ಅವನು ಅಲ್ಲೊಂದು ಬಾಡಿಗೆ ಖೋಲಿಯಲ್ಲಿ, ಮಂಜಿರಿ ಅತ್ತೆ ಲೀಲಾಬಾಯಿಯನ್ನೂ ಮಗಳು ಮಾನಸಿಯನ್ನೂ ಕಟ್ಟಿಕೊಂಡು ಭಾಲ್ಕಿಯಲ್ಲಿ. ಔರಾದಕ್ಕೆ ರೈಲಿಲ್ಲ, ಭಾಲ್ಕಿಗೆ ನೇರ ಬಸ್ಸುಗಳು ಕಡಿಮೆ. ಹೀಗಾಗಿ ಮದುವೆಯಾದ ಮೇಲೆ ಬಹುಪಾಲು ಸಂಸಾರ ಭಾನುವಾರಗಳಲ್ಲೇ ನಡೆದಿತ್ತು. ಆಶೀಷ ಚೀಲ ಹಿಡಿದು ಓಣಿಗೆ ಕಾಲಿಟ್ಟರೆ ಹೆಂಗಸರು, "ಐತವಾರದ ಬೀಗರು ಬಂದ್ರು" ಎಂದು ನಗುತ್ತಿದ್ದರು. ಮಂಜಿರಿಯೂ ಮೊದಮೊದಲು ನಕ್ಕಳು. ಆಮೇಲೆ ಒಂದು ದಿನ ಮಾನಸಿಯನ್ನು ಗಮನಿಸಿದಳು. ಅಪ್ಪ ಒಳಗೆ ಬಂದ ಕೂಡಲೇ ಹುಡುಗಿ ಫ್ರಾಕು ಸರಿಮಾಡಿಕೊಂಡು, ಶಾಲೆಗೆ ಸಾಹೇಬರು ಬಂದ ಹಾಗೆ, ಬೆನ್ನು ನೆಟ್ಟಗೆ ಮಾಡಿ ಕೂತಳು. ಅಂದಿನಿಂದ ಮಂಜಿರಿಗೆ ಆ ತಮಾಷೆ ಸೇರಲಿಲ್ಲ.

ಬೀದರಿನಲ್ಲಿ ಮನೆಯಾದರೆ ಇವಳು ರೈಲಿಗೆ ಭಾಲ್ಕಿಗೆ, ಅವನು ಬಸ್ಸಿಗೆ ಔರಾದಕ್ಕೆ. ಸಂಜೆಗೆ ಇಬ್ಬರೂ ಒಂದೇ ಬಾಗಿಲಿಗೆ. ಎಷ್ಟೋ ವರ್ಷ ಹುಡುಕಿ, ಸಾಲ ಮಂಜೂರು ಮಾಡಿಸಿ, ಕೊನೆಗೆ ರತ್ನದೀಪನ ಈ ಮನೆಗೆ ಬಯಾನಾ ಎಂದು ಮುಂಗಡ ಹಣ ಕೊಟ್ಟಿದ್ದರು. ಹಳೆಯ ಓಣಿಯೊಂದರ ತುದಿಯಲ್ಲಿ, ಪೂರ್ವಕ್ಕೆ ಬಾಗಿಲು. ಕೇಳಬೇಕಾದದ್ದನ್ನೆಲ್ಲ ಕೇಳಿದ್ದರು. ಕಾಗದಪತ್ರ ವಕೀಲರಿಗೆ ತೋರಿಸಿದರು, ಬೋರಿನ ನೀರು ಕುಡಿದು ನೋಡಿದರು, ಗೋಡೆ ಬಡಿದು ನೋಡಿದರು. ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಅವರು ಎಲ್ಲಿಯ ನೀರು ಕುಡಿಯುತ್ತಾರೆ ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಮನೆ ಕೊಳ್ಳುವವರು ಯಾರಾದರೂ ಅದನ್ನು ಕೇಳುತ್ತಾರೆಯೇ?

ದಸರೆಗೆ ಮೊದಲು ರಿಜಿಸ್ಟ್ರಿ ಎಂದು ಮಾತಾಯಿತು. ಆದರೆ ಲೀಲಾಬಾಯಿಯದೊಂದು ಹಟ. ಕಾಗದ ಆಗುವ ಮೊದಲೇ ಮನೆಯನ್ನು ತನ್ನ ಕೈಯಾರೆ ಒಮ್ಮೆ ತೊಳೆಯಬೇಕು. ತೊಳೆದಾಗಲೇ ಮನೆಯ ಗುಣ ತಿಳಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ನೆಲ ಯಾವ ಕಡೆ ವಾರೆ ಇದೆ, ಎಲ್ಲ. ತನ್ನ ಅತ್ತೆಯೂ ಹೀಗೇ ಮಾಡಿದ್ದಳಂತೆ. ರತ್ನದೀಪ ನಕ್ಕು ಕೀಲಿ ಕೊಟ್ಟ.

ಅಂದು ಅತ್ತೆ ಸೊಸೆ ಬೆಳಗಿನ ರೈಲಿಗೇ ಬಂದರು. ಗೋಡೆಗೆ ಗಿಲಾಯಿ ಮೆತ್ತುವವರು ಚೆಲ್ಲಿದ ಸಿಮೆಂಟು, ಬಣ್ಣದವರ ಕಲೆ, ಕೂಲಿಯವರು ಹಾಳುಮಾಡಿದ ಸಂಡಾಸು. ಲೀಲಾಬಾಯಿ ಪೊರಕೆ ಹಿಡಿದು ಹಾಲಿಗೆ ಇಳಿದಳು. ಸಂಡಾಸು ಬಚ್ಚಲು ಮಂಜಿರಿಯ ಪಾಲಿಗೆ ಬಂದವು. ತಂದಿದ್ದ ಫಿನಾಯಿಲ್ ಬಾಟಲಿ ಪೂರ್ತಿ ಸುರುವಿ, ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊಡೆದಳು. ಒಂದು ಹನಿಯೂ ನಿಲ್ಲಲಿಲ್ಲ, ಸರ್ರನೆ ಹೋಯಿತು. "ಆಯಿ, ನೋಡ್ರಿ, ಎಷ್ಟು ಛಂದ ಹೋಗ್ಲಾಕತ್ತದ!" ಎಂದು ಹಿತ್ತಲಿಂದ ಅತ್ತೆಗೆ ಕೂಗಿ ಹೇಳಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ತಾಟಿನಲ್ಲಿ ಮೂರು ಕಪ್ ಚಹಾ ಇಟ್ಟುಕೊಂಡು ಬಂದರು. ಅರವತ್ತರ ಆಸುಪಾಸು, ತಲೆಯ ಮೇಲೆ ಬಿಳಿ ದುಪಟ್ಟಾ. ಖತೀಜಾ ಬೇಗಂ ಎಂದು ಹೆಸರು ಹೇಳಿಕೊಂಡರು.

"ಮುಂಜಾನಿಂದ ತೊಳಿಲಾಕತ್ತೀರಿ. ಚಹಾ ಕುಡೀರಿ" ಎಂದು ಮೆಟ್ಟಿಲ ಮೇಲೆ ತಾವೂ ಒಂದು ಕಪ್ ಹಿಡಿದು ಕೂತರು.

ಕಂಪೌಂಡಿನ ಆಚೆ ರಾಟೆ ಕಾಣುತ್ತಿತ್ತು. "ಬಾವಿ ನಿಮ್ದೇನ್ರಿ?" ಎಂದು ಲೀಲಾಬಾಯಿ ಕೇಳಿದಳು.

"ನಮ್ದೇ. ನಳ ಬರಲಿಲ್ಲ ಅಂದ್ರ ಓಣಿಗೆಲ್ಲ ಇದೇ ನೀರು. ಈ ಚಹಾನೂ ಅದರದೇ" ಎಂದರು ಬೇಗಂ. ಹಾಗೆಂದು ಮಂಜಿರಿಯ ಮುಖವನ್ನೇ ನೋಡಿದರು.

ಮೊದಲ ಗುಟುಕಿಗೇ ಮಂಜಿರಿಯ ಗಂಟಲಿಗೆ ಫಿನಾಯಿಲ್ ವಾಸನೆ ಹೊಡೆಯಿತು. ಅವಳು ತನ್ನ ಕೈ ಮೂಸಿಕೊಂಡಳು. ಹೌದು, ಕೈಯೇ ನಾರುತ್ತಿತ್ತು. ಸೆರಗಿಗೆ ಒರೆಸಿಕೊಂಡು ಉಳಿದದ್ದನ್ನು ಉಸಿರು ಬಿಗಿಹಿಡಿದು ಕುಡಿದಳು. ಹೊಸ ನೆರೆಯವರು, ಮೊದಲ ದಿನ, ತಾವಾಗಿ ಚಹಾ ತಂದಿದ್ದಾರೆ. ಅರ್ಧ ಉಳಿಸಿದರೆ ಚೆನ್ನಾಗಿ ಕಾಣುತ್ತದೆಯೇ?

"ಛಲೋ ಆಗ್ಯದ್ರಿ ಚಹಾ" ಎಂದಳು.

"ಹಸಿಶುಂಠಿ ಹಾಕೀರೇನು? ಘಮ್ ಅನ್ನತದ" ಎಂದು ಲೀಲಾಬಾಯಿಯೂ ದನಿಗೂಡಿಸಿದಳು.

ಬೇಗಂ ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿದರು. "ಹೌದ್ರಿ? ಛಲೋ ಆಗ್ಯದ?" ಎಂದರು. ಕಪ್‌ಗಳನ್ನು ಎತ್ತಿಕೊಂಡು ಹೋದರು. ಇದೆಂಥ ಗಂಭೀರ ಹೆಂಗಸು ಎಂದು ಮಂಜಿರಿ ಅಂದುಕೊಂಡಳು.

ಸಂಜೆ ರೈಲಿನಲ್ಲಿ ಲೀಲಾಬಾಯಿ ಕಿಟಕಿಗೆ ತಲೆಯಾನಿಸಿ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು.

"ಮಂಜಿರಿ, ಆ ಚಹಾಕ್ಕ ಏನೋ ಒಂಥರಾ ವಾಸನಿ ಇತ್ತಲ್ಲ?"

"ನನ್ನ ಕೈದು ಇರಬೇಕು ಆಯಿ. ಫಿನಾಯಿಲ್ ಹಾಕಿದ್ದೆನಲ್ಲ."

"ನಿನ್ನ ಕೈ ವಾಸನಿ ನನ್ನ ಕಪ್ಪಿಗಿ ಹ್ಯಾಂಗ ಬರತದ? ನಾ ಫಿನಾಯಿಲ್ ಮುಟ್ಟೇ ಇಲ್ಲ."

ವರ್ಷವರ್ಷ ತಾನೇ ಬರೆದ ಚಿತ್ರ ಮಂಜಿರಿಯ ಕಣ್ಣ ಮುಂದೆ ಬಂತು. ಮೇಲೆ ಗುಂಡಿ, ನಡುವೆ ರಂಧ್ರ ತುಂಬಿದ ಕೆಂಪು ಕಲ್ಲು, ಪಕ್ಕದಲ್ಲಿ ಬಾವಿ. ಮಳೆಗಾಲದ ಕೊನೆ, ಬಾವಿಯಲ್ಲಿ ನೀರು ಮೇಲೆ ಬಂದಿರುತ್ತದೆ. ಸರ್ರನೆ ಹೋದ ನೀರು ಹೋದದ್ದು ಅಲ್ಲಿಗೆ. ಇವತ್ತು ಫಿನಾಯಿಲ್ ಹೋಗಿದೆ. ನಾಳೆ ತಾವು ವಾಸಕ್ಕೆ ಬಂದ ಮೇಲೆ ಹೋಗುವುದು ಫಿನಾಯಿಲ್ ಅಲ್ಲ. ಅವಳು ಅತ್ತೆಯ ಕಡೆ ತಿರುಗಿದಳು.

ಹೇಳಿದಾಗ ಲೀಲಾಬಾಯಿ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು. "ಅಯ್ಯೋ ದೇವರೇ, ಓಣಿ ಎಲ್ಲಾ ಕುಡಿಯೋ ನೀರು. ನಾ ಆ ಮನ್ಯಾಗ ಹಾಲು ಉಕ್ಕಸಂಗಿಲ್ಲ, ಹೇಳೇನಿ" ಎಂದಳು.

ಫೋನಿನಲ್ಲಿ ಆಶೀಷ ನಂಬಲಿಲ್ಲ. ಅವರ ಕಪ್ಪೇ ತೊಳೆದಿರಲಿಕ್ಕಿಲ್ಲ ಎಂದ, ನಿನಗೆ ಎಲ್ಲದಕ್ಕೂ ಸಂಶಯ ಎಂದ, ರತ್ನದೀಪ ನನ್ನ ದೋಸ್ತ, ಮೋಸ ಮಾಡುವವನಲ್ಲ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಔರಾದದ ಖೋಲಿಯ ಮಾಲೀಕನಿಗೆ ಬಿಡುತ್ತೇನೆಂದು ಆಗಲೇ ಹೇಳಿಬಿಟ್ಟಿದ್ದ. ಕೊನೆಗೆ ಶನಿವಾರ ಬರುತ್ತೇನೆ, ನೋಡೋಣ ಎಂದ.

ಶನಿವಾರ ರತ್ನದೀಪ ಯಾವ ಅಳುಕೂ ಇಲ್ಲದೆ ಚಪ್ಪಡಿ ಸರಿಸಿ ತೋರಿಸಿದ. ಸುತ್ತ ಸಂದಿ ಬಿಟ್ಟು ಜೋಡಿಸಿದ ಕಲ್ಲು, ತಳಕ್ಕೆ ಏನೂ ಇಲ್ಲ. ಅಷ್ಟು ಬಕೆಟ್ಟು ನೀರು ಹೊಡೆದಿದ್ದರೂ ಒಳಗೆ ಬರೀ ಹಸಿ. ಅದರ ಆಚೆ ಕಂಪೌಂಡು, ಕಂಪೌಂಡಿಗೆ ತಾಗಿ ಬಾವಿ.

"ಇಲ್ಲಿ ಎಲ್ಲರೂ ಹಿಂಗೇ ಕಟ್ಟತಾರ ವೈನಿ. ನಿಮ್ಮ ಬೋರ್ ಭಾಳ ಆಳಕ್ಕ ಅದ, ಕೇಸಿಂಗ್ ಹಾಕೀನಿ. ನಿಮಗ ಏನೂ ಆಗಂಗಿಲ್ಲ."

"ನಮಗಲ್ರಿ, ಅವರಿಗಿ."

"ಅವರು ನಳದ ನೀರು ಕುಡೀಲಿ. ಈಗಿನ ಕಾಲದಾಗ ಯಾರು ಬಾವಿ ನೀರು ಕುಡಿತಾರ?"

"ಈ ಗುಂಡಿ ಮುಚ್ಚಿ ಮುಂದಿನ ಬಾಜೂಕ ಟ್ಯಾಂಕ್ ಕಟ್ಟಿ ಕೊಡ್ರಿ. ತಳಕ್ಕ, ಗ್ವಾಡಿಗಿ ಎಲ್ಲಾ ಕಾಂಕ್ರೀಟ್ ಹಾಕ್ರಿ. ಆವಾಗ ರಿಜಿಸ್ಟ್ರಿ ಮಾಡೋಣ."

ರತ್ನದೀಪ ಆಶೀಷನ ಕಡೆ ನೋಡಿ ನಕ್ಕ. "ಏ ದೋಸ್ತ, ವೈನಿಗಿ ತಿಳಿಸಿ ಹೇಳೋ. ಮುಂದ ಫರ್ಸಿ ಕಲ್ಲು ಹಾಸೀನಿ, ಅದನ್ನ ಒಡೀಲೇನು? ಕಾಂಕ್ರೀಟ್ ಹಾಕಿದ್ರ ಗುಂಡಿ ತುಂಬತದ, ಆಮ್ಯಾಲ ಔರಾದದಂಗ ಗಾಡಿ ಕರಸ್ರಿ. ಮನಿ ಇದ್ದಂಗ ಅದ. ಬೇಕಂದ್ರ ತಗೋರಿ, ಇಲ್ಲಾಂದ್ರ ಬ್ಯಾರೆ ಪಾರ್ಟಿ ಅದಾರ."

ಅವನು ಕಾರು ಹತ್ತಿ ಹೋದ ಮೇಲೆ ಗಂಡ ಹೆಂಡತಿ ಖಾಲಿ ಹಾಲಿನಲ್ಲಿ ನಿಂತರು. ಲೀಲಾಬಾಯಿ ತೊಳೆದ ನೆಲ ಹೊಳೆಯುತ್ತಿತ್ತು. ಮಂಜಿರಿ ಬಾಗಿಲ ಕಡೆ ತಿರುಗಿದಳು. ಆಶೀಷ ಅವಳ ಮುಂಗೈ ಹಿಡಿದ.

"ಎಲ್ಲಿಗಿ?"

"ಪಕ್ಕದ ಮನಿಗಿ. ಅವರಿಗಿ ಹೇಳಬೇಕು."

"ಈಗ ಬ್ಯಾಡ. ಜಗಳ ಆಗತದ, ಯಾರರೆ ತಕರಾರು ಕೊಡತಾರ, ರಿಜಿಸ್ಟ್ರಿ ನಿಂತು ಹೋಗತದ. ಮೊದಲ ಮನಿಗಿ ಬರೋಣ. ವರ್ಷ ಎರಡು ವರ್ಷದಾಗ ನಾವೇ ಸುಧಾರಿಸೋಣಂತ."

"ವರ್ಷ ಎರಡು ವರ್ಷ ಅವರು ಏನು ಕುಡೀಬೇಕು?"

ಅವನು ಕೈ ಬಿಟ್ಟ. ಅವಳು ಹೋದಳು. ಅವನೂ ಹಿಂದಿನಿಂದ ಬಂದು ಬೇಗಂ ಅವರ ಹೊಸ್ತಿಲ ಹೊರಗೇ ನಿಂತುಕೊಂಡ.

ಖತೀಜಾ ಬೇಗಂ ಅಕ್ಕಿ ಆರಿಸುತ್ತ ಕೂತಿದ್ದರು. ಮಂಜಿರಿ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದಳು. ತಾನು ಫಿನಾಯಿಲ್ ಸುರುವಿದ್ದು, ಗುಂಡಿಗೆ ತಳವೇ ಇಲ್ಲದ್ದು, ಬಾವಿಯ ನೀರು ಇನ್ನು ಕುಡಿಯಬಾರದು ಎನ್ನುವುದು. ಬೇಗಂ ಬೆಚ್ಚಿ ಬೀಳಲಿಲ್ಲ. ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಬಿಟ್ಟರು.

"ನನಗ ಗೊತ್ತದ ಬೇಟಿ. ಗುಂಡಿ ತೋಡೋ ದಿನಾನೇ ನಾ ಹೋಗಿ ಬಿಲ್ಡರ್ ಸಾಹೇಬ್ರಿಗಿ ಹೇಳಿದೆ. ನಿನ್ನ ಬಾವಿ ನಿನ್ನ ಜಾಗಾದಾಗ ಅದ, ನನ್ನ ಗುಂಡಿ ನನ್ನ ಜಾಗಾದಾಗ ಅದ ಅಂದ್ರು. ಮೊದಲ ಮನಿ ನೋಡ್ಲಾಕ ಬಂದವರಿಗಿ ಹೇಳಿದೆ. ಅವರು ಹೋಗಿಬಿಟ್ರು. ಮರುದಿನ ಬಿಲ್ಡರ್ ಸಾಹೇಬ್ರು ಬಂದು ಬಾಗಲಾಗ ನಿಂತು ಚೀರ್ಯಾಡಿದ್ರು, ಬ್ಯಾರೆ ಜಾತಿ ಮಂದಿ ಪಕ್ಕದಾಗ ಬರೋದು ಈಕಿಗಿ ಬ್ಯಾಡಾಗ್ಯದ, ಅದಕ್ಕ ಗಿರಾಕಿ ಓಡಸ್ತಾಳ ಅಂತ. ಓಣ್ಯಾಗ ಹಂಗೇ ಮಾತಾತು. ಇಷ್ಟು ವರ್ಷ ನನ್ನ ಬಾವಿ ನೀರು ಒಯ್ದವರೂ ಹಂಗೇ ಅಂದ್ರು. ಆವತ್ತಿಂದ ಬಾಯಿ ಮುಚ್ಚೀನಿ."

"ಮತ್ತ ಅವತ್ತು ಚಹಾ..."

"ಚಹಾ ಸುಮ್ನ ತಂದಿದ್ದಿಲ್ಲ. ನೀರು ಸೇದಿದೆ, ವಾಸನಿ ಬಂತು. ಬಾಯಿಲಿ ಹೇಳಿದ್ರ ಮತ್ತ ಅದೇ ಮಾತು ಬರತದ. ಅದಕ್ಕ ಆ ನೀರಿಂದನೇ ಚಹಾ ಮಾಡಿ ತಂದೆ, ನಿಮ್ಮ ನಾಲಿಗಿಗೇ ತಿಳೀಲಿ ಅಂತ. ನಿಮ್ಮ ಮುಂದ ನಾನೂ ಕುಡದೆ." ಬೇಗಂ ಮೊರವನ್ನು ಬದಿಗಿಟ್ಟರು. "ನೀವು ಛಲೋ ಆಗ್ಯದ ಅಂದ್ರಿ. ಇವರಿಗೂ ಎಲ್ಲಾ ಗೊತ್ತದ, ಗೊತ್ತಿದ್ದೇ ತಗೊಳ್ಳಾಕತ್ತಾರ, ಅಂತ ತಿಳಕೊಂಡೆ."

ಮಂಜಿರಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಅವಳು ಮರ್ಯಾದೆಗೆಂದು ಹೇಳಿದ ಒಂದು ಸಣ್ಣ ಸುಳ್ಳು ಈ ಹೆಂಗಸಿಗೆ ಹೀಗೆ ಕೇಳಿಸಿತ್ತು. ತಿಳಿದಿರಲಿಲ್ಲ ಎಂದು ಹೇಳಿದಳು. ಬೇಗಂ ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಮಂಜಿರಿ ಈ ಮನೆ ಬೇಡವೇ ಬೇಡ ಎಂದಳು. ಔರಾದದ ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ಆಶೀಷ ಫೋನು ತೆಗೆದು, ರತ್ನದೀಪನಿಗೆ ಮನೆ ಬೇಡ ಎಂದು ಎರಡೇ ಮಾತಿನಲ್ಲಿ ಹೇಳಿದ. ಆ ಕಡೆಯಿಂದ ಬಂದ ಉತ್ತರ ಮಂಜಿರಿಗೂ ಕೇಳಿಸಿತು. ಬೇರೆ ಪಾರ್ಟಿ ಸಿಕ್ಕ ಮೇಲೆ ಬಯಾನಾ ವಾಪಸ್ಸು, ಅಲ್ಲಿಯವರೆಗೆ ಕೇಳಬೇಡ.

"ಆಯ್ತಲ್ಲ? ಸಮಾಧಾನ ಆಯ್ತಾ?" ಎಂದ ಆಶೀಷ. "ನೀ ಬಾವಿ ಬಗ್ಗಿ ವಿಚಾರ ಮಾಡಿದಿ, ಬೇಗಂ ಬಗ್ಗಿ ಮಾಡಿದಿ. ನನ್ನ ಬಗ್ಗಿ ಒಂದು ಸಲರೆ ಮಾಡಿದೇನು? ಖೋಲಿ ಬಾಗಲಾ ತೆಗೆದ್ರ ಒಳಗ ಯಾರೂ ಇರಂಗಿಲ್ಲ ಮಂಜಿರಿ. ಮಾನಸಿ ನನ್ನ ಮುಂದ ನಗಲಾಕೂ ವಿಚಾರ ಮಾಡತಾಳ."

ಅದು ಅವನಿಗೂ ಗೊತ್ತಾಗಿದೆ ಎಂದು ಮಂಜಿರಿ ಎಣಿಸಿರಲಿಲ್ಲ. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಬಸ್ಸು ಬಂತು. ಅವನು ಕಿಟಕಿ ಪಕ್ಕ ಸೀಟು ಸಿಕ್ಕರೂ ಹೊರಗೆ ನೋಡಲಿಲ್ಲ.

ಮುಂದಿನ ಭಾನುವಾರ ಅವನು ಭಾಲ್ಕಿಗೆ ಬರಲಿಲ್ಲ. ಕೆಲಸ ಇದೆ ಎಂದ. ಅದರ ಮುಂದಿನದಕ್ಕೂ ಕೆಲಸ. ಭಾನುವಾರ ಯಾವ ಎಮ್ಮೆಗೆ ಜ್ವರ ಬಂತೋ! ಮಂಜಿರಿ ಸಿಟ್ಟು ಮಾಡಿಕೊಂಡಳು, ಅತ್ತಳು, ಅತ್ತೆಯ ಮುಂದೆ ಏನೂ ಆಗದವಳಂತೆ ರೊಟ್ಟಿ ಬಡಿದಳು. ಆಮೇಲೆ ಬೀದರಿನಿಂದ ಓಡಾಡುವ ಟೀಚರೊಬ್ಬಳು ಸ್ಟಾಫ್‌ರೂಮಿನಲ್ಲಿ, "ನಿಮ್ಮವರನ್ನ ಐತವಾರ ನೋಡಿದೆ. ಆ ಹೊಸ ಮನಿ ಗೇಟಿನ ಬಾಜೂಕ ನಿಂತಿದ್ರು. ಮುಗೀತೇನು ಮನಿ ಕೆಲಸ?" ಎಂದಳು.

ಮಂಜಿರಿ ಕೂಡಲೇ ಲೆಕ್ಕ ಹಾಕಿದಳು. ತನಗೆ ಹೇಳದೆ ಅವನೊಬ್ಬನೇ ಮನೆ ಕೊಳ್ಳುತ್ತಿದ್ದಾನೆ. ದೋಸ್ತರಿಬ್ಬರೂ ಸೇರಿ ಮಾತು ಮುಗಿಸಿದ್ದಾರೆ. ಇನ್ನೇನಿರಲು ಸಾಧ್ಯ? ಬಾವಿಗಿಂತ ಹೆಚ್ಚಾಗಿ ಈ ಕಳ್ಳತನವೇ ಅವಳನ್ನು ಸುಟ್ಟಿತು. ಭಾನುವಾರ ಮಾನಸಿಯನ್ನು ಲೀಲಾಬಾಯಿಯ ಬಳಿ ಬಿಟ್ಟು, ಯಾರಿಗೂ ಫೋನು ಮಾಡದೆ ರೈಲು ಹತ್ತಿದಳು. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮಸೆದುಕೊಂಡೇ ಹೋದಳು.

ಓಣಿಯ ತುದಿಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಹೊಸ ಮನೆಯ ಗೇಟಿನ ಹೊರಗೆ ದಪ್ಪನೆಯ ಒಬ್ಬ ಗೃಹಸ್ಥ, ಅವರ ಹೆಂಡತಿ. ಅವರ ಎದುರು ಆಶೀಷ. ಬಿಸಿಲಿಗೆ ಅವನ ಅಂಗಿಯ ಬೆನ್ನು ತೊಯ್ದಿತ್ತು. ಅವನು ಬೇಗಂ ಅವರ ಬಾವಿಯ ಕಡೆ ಕೈ ತೋರಿಸುತ್ತಿದ್ದ.

"...ತಳಕ್ಕ ಏನೂ ಹಾಕಿಲ್ರಿ. ಎಲ್ಲಾ ಸೀದಾ ಆ ಬಾವಿಗಿ ಹೋಗತದ. ಓಣಿ ಮಂದಿ ಕುಡಿಯೋ ನೀರದು."

"ನಿಮಗ ಹ್ಯಾಂಗ ಗೊತ್ತು?"

"ನಾವೇ ತಗೊಳ್ಳೋರಿದ್ದೆವ್ರಿ. ಗೊತ್ತಾದ ಮ್ಯಾಲ ಬಿಟ್ಟೆವು. ರತ್ನದೀಪ ನನ್ನ ದೋಸ್ತ, ಅವನಿಗಿ ಹೇಳೇ ಇಲ್ಲಿ ನಿಲ್ಲತೇನಿ. ಬೈತಾನ. ಬೈಲಿ."

ಮಂಜಿರಿ ನಿಂತಲ್ಲೇ ನಿಂತಳು. ಮಸೆದುಕೊಂಡು ಬಂದ ಮಾತುಗಳೆಲ್ಲ ಎಲ್ಲಿಗೆ ಹೋದವೋ. ಮೂರು ಭಾನುವಾರ ಮಗಳ ಮುಖ ನೋಡುವುದನ್ನು ಬಿಟ್ಟು ಈ ಮನುಷ್ಯ ಇಲ್ಲಿ, ಈ ಬಿಸಿಲಿನಲ್ಲಿ, ಬಂದವರಿಗೆ ಬಂದವರಿಗೆ ಇದನ್ನು ಹೇಳುತ್ತ ನಿಂತಿದ್ದಾನೆ. ತನಗೆ ಹೇಳಿದ್ದರೆ ತಾನು ಜೊತೆಗೆ ನಿಲ್ಲುತ್ತಿರಲಿಲ್ಲವೇ? ಗಂಡನ ಮೇಲೆ ಇಷ್ಟು ಮಮತೆ, ಇಷ್ಟು ಸಿಟ್ಟು ಒಟ್ಟಿಗೇ ಅವಳಿಗೆ ಎಂದೂ ಬಂದಿರಲಿಲ್ಲ.

ಗೃಹಸ್ಥರ ಹೆಂಡತಿ ಕೇಳಿದಳು. "ಆದ್ರ ನಮ್ಮ ಬೋರಿಗಿ ಏನೂ ಆಗಂಗಿಲ್ಲಲ್ರಿ?"

"ಬೋರಿಗಿ... ಇಲ್ರಿ. ಅದು ಆಳಕ್ಕ ಅದ" ಎಂದ ಆಶೀಷ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

ಗೃಹಸ್ಥರು ಸಂತೋಷದಿಂದ ಆಶೀಷನ ಭುಜ ತಟ್ಟಿದರು. "ಭಾಳ ಛಲೋ ಹೇಳಿದ್ರಿ ನೋಡ್ರಿ. ಇಂಥ ಒಂದು ಪಾಯಿಂಟೇ ಬೇಕಾಗಿತ್ತು. ಇದರ ಮ್ಯಾಲ ರೇಟು ಇಳಸ್ತೇನಿ. ನಾಳೇನೇ ಮಾತು ಮುಗಸೋದು."

ಆಶೀಷನ ಕೈ ಕೆಳಗಿಳಿಯಿತು. ಬೇಗಂ ತಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖದ ಮೇಲೆ ಏನೂ ಇರಲಿಲ್ಲ. ಹೀಗೇ ಆಗುತ್ತದೆಂದು ಅವರಿಗೆ ಮೊದಲೇ ಗೊತ್ತಿದ್ದಂತಿತ್ತು.

ಆ ಕ್ಷಣ ಮಂಜಿರಿಗೆ ತಾನು ಮಾಡಿದ್ದೇನು ಎಂದು ಹೊಳೆಯಿತು. ಮನೆ ಬೇಡ ಎಂದು ಹೇಳಿ ರೈಲು ಹತ್ತಿ, ತನ್ನ ಕೈ ತೊಳೆದುಕೊಂಡಿದ್ದಳು. ಕೈ ಸ್ವಚ್ಛವಾಯಿತು ನಿಜ. ಬಾವಿ ಇದ್ದಲ್ಲೇ ಇತ್ತು, ಗುಂಡಿಯೂ ಇದ್ದಲ್ಲೇ ಇತ್ತು. ಇವರಲ್ಲದಿದ್ದರೆ ಇನ್ನೊಬ್ಬರು ಬರುತ್ತಾರೆ, ತಿಳಿದುಕೊಂಡೇ ಬರುತ್ತಾರೆ, ಸಸ್ತಾದಲ್ಲಿ ಬರುತ್ತಾರೆ.

ಅವಳು ಮುಂದೆ ಬಂದಳು.

"ಈ ಮನಿ ಖಾಲಿ ಇಲ್ರಿ" ಎಂದಳು. "ಬಯಾನಾ ಆಗ್ಯದ. ನಾವು ತಗೊಳ್ಳಾಕತ್ತೀವಿ."

ಆಶೀಷ ಬೆಚ್ಚಿ ತಿರುಗಿದ. ಗೃಹಸ್ಥರು ಹುಬ್ಬು ಗಂಟಿಕ್ಕಿದರು. "ಬಿಟ್ಟೆವು ಅಂತ ಈಗ ಇವರೇ ಅಂದ್ರಲ್ಲ?"

"ಬಾಯಿಲಿ ಬಿಟ್ಟಿದ್ದೆವು. ಬಯಾನಾ ಇನ್ನೂ ಅವರ ಹತ್ರಾನೇ ಅದ. ಬೇಕಂದ್ರ ಫೋನ್ ಮಾಡಿ ಕೇಳ್ರಿ."

ಅವರು ಗೊಣಗುತ್ತ ಕಾರು ಹತ್ತಿದರು. ಅದು ಓಣಿ ದಾಟುವವರೆಗೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಬ್ಯಾಡ ಅಂದವಳು ನೀನೇ" ಎಂದ ಆಶೀಷ ಮೆಲ್ಲಗೆ.

"ಹೌದ್ರಿ, ನಾನೇ. ನಾವು ಬಿಟ್ರ ಈ ಗುಂಡಿ ಹಿಂಗೇ ಉಳೀತದ. ಬಂದವರು ಯಾರೂ ಮುಚ್ಚಂಗಿಲ್ಲ. ನಾವು ಬಂದ್ರ ಮುಚ್ಚತದ."

"ರತ್ನದೀಪ ಒಂದು ಕಲ್ಲು ಸರಸಂಗಿಲ್ಲ. ಎಲ್ಲಾ ನಾವೇ ಮಾಡಬೇಕು. ಸಾಲಕ್ಕ ಮತ್ತೊಂದು ಸಾಲ. ನನ್ನ ಕಡಿಂದ ಆಗತದೋ ಇಲ್ಲೋ, ಖರೇನೇ ಗೊತ್ತಿಲ್ಲ ಮಂಜಿರಿ."

"ನನಗೂ ಗೊತ್ತಿಲ್ಲ. ಅಡಿಗಿ ಮನಿ ಕಪಾಟ ಬ್ಯಾಡ, ಕಿಟಕಿಗಿ ಜಾಲಿ ಬ್ಯಾಡ. ಮೊದಲ ಫರ್ಸಿ ಒಡ್ಯೋಣ. ಟ್ಯಾಂಕ್ ಆಗೋತನಕ ಒಂದು ತಂಬಿಗಿ ನೀರೂ ಈ ಮನ್ಯಾಗ ಚೆಲ್ಲೋದು ಬ್ಯಾಡ."

ಅವನು ಮನೆಯನ್ನೂ ಅವಳನ್ನೂ ನೋಡಿದ. ಬೇಡ ಎನ್ನಲಿಲ್ಲ. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು, ತೆಳ್ಳಗಾಗಿದ್ದ. ಇವನಿಗೆ ಯಾರು ಬಿಸಿ ರೊಟ್ಟಿ ಹಾಕಿದ್ದಾರೆ ಇಷ್ಟು ವರ್ಷ, ಎನ್ನಿಸಿ ಮಂಜಿರಿಗೆ ಕರುಳು ಹಿಂಡಿತು.

ಅವಳು ಬೇಗಂ ಅವರ ಬಾಗಿಲಿಗೆ ಹೋದಳು. ಹೇಳುವ ಉತ್ಸಾಹ ಅವಳಲ್ಲಿತ್ತು. ಈ ಸುದ್ದಿ ಕೇಳಿ ಅವರು ಕೈ ಹಿಡಿದುಕೊಂಡಾರು, ಒಳಗೆ ಬಾ ಎಂದಾರು ಎಂದು ಒಳಗೊಳಗೇ ಆಸೆಯೂ ಇತ್ತು.

"ಖಾಲಾ, ನಾವು ಬರ್ತೇವಿ. ಗುಂಡಿ ಮುಚ್ಚಿಸೇ ಬರ್ತೇವಿ. ನಿಮ್ಮ ಬಾವಿಗಿ ಇನ್ನ..."

ಖತೀಜಾ ಬೇಗಂ ಕೈ ಎತ್ತಿ ತಡೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮ್ಮವರು ಬಿಸಲಾಗ ನಿಂತಿದ್ದು ನೋಡೀನಿ ಬೇಟಿ. ನೀ ಆಡಿದ ಮಾತೂ ಕೇಳೀನಿ. ಎಲ್ಲಾ ಛಲೋ ಅದ. ಆದ್ರ ಮನಿ ನಿಮ್ಮದಾದ ಮ್ಯಾಲ ಆ ಚಪ್ಪಡಿ ಮ್ಯಾಲ ನಿಲ್ಲೋರು ನೀವು. ರೊಕ್ಕ ಸಾಲಲಿಲ್ಲ, ಮುಂದಿನ ವರ್ಷ ನೋಡೋಣ ಅಂದ್ರ ನಾ ಯಾರಿಗಿ ಹೇಳ್ಲಿ? ಟ್ಯಾಂಕ್ ಆದ ದಿನ ಬರ್ರಿ. ಅಲ್ಲೀತನಕ ನಾ ನಿಮ್ಮನ್ನ ಒಳಗ ಕರ್ಯಂಗಿಲ್ಲ."

"ಆಯ್ತ್ರಿ" ಎಂದಳು ಮಂಜಿರಿ.

ಬಾಗಿಲು ಮೆಲ್ಲಗೆ ಮುಚ್ಚಿತು. ಅವಳಿಗೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎನ್ನಿಸಿತು, ಹಾಗೆ ಅನ್ನಿಸಿದ್ದಕ್ಕೇ ಹೆಚ್ಚು ನೋವಾಯಿತು.